ವಿಷಯ: ಮನೆಗೊಂದು ಕಂಪ್ಯೂಟರ್ ಖರೀದಿಸುವ ಬಗ್ಗೆ

ಮಾನ್ಯ ಓದುಗರ ಅವಗಾಹನೆಗೆ ಮೊದಲಾಗಿ ತರಬಯಸುವುದೇನೆಂದರೆ, ನಾನು ಲೇಖಕನಲ್ಲ. ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯ ಖರೀದಿ ಶಾಖೆಯಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಈವರೆಗೆ ಬರೆದಿರುವುದೆಲ್ಲ ಪತ್ರ, ಪತ್ರಕ್ಕೆ ಜ್ಞಾಪನ, ಜ್ಞಾಪನಕ್ಕೆ ಇನ್ನೊಂದು ಜ್ಞಾಪನ. ಪ್ರಬಂಧವೆಂಬುದನ್ನು ಬರೆಯುತ್ತಿರುವುದು ಇದೇ ಪ್ರಥಮ. ಪ್ರತಿಯೊಂದು ವಾಕ್ಯವೂ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುವಾಗಲು ಹಟ ಹಿಡಿಯುತ್ತಿದ್ದು, ಅದನ್ನು ಬಹಳ ಕಷ್ಟದಿಂದ ತಡೆದಿರುತ್ತೇನೆ. ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿಯೂ, ಲಿಖಿತ ಸಮಜಾಯಿಷಿ ಕೇಳಬಾರದಾಗಿಯೂ ಕೋರುತ್ತೇನೆ.

ಇನ್ನು ನನ್ನ ದೌರ್ಬಲ್ಯವನ್ನು ಮುಚ್ಚುಮರೆಯಿಲ್ಲದೆ ನಿವೇದಿಸಿಕೊಳ್ಳುತ್ತೇನೆ. ಸರ್ಕಾರಕ್ಕಾಗಿ ನಾನು ಕುರ್ಚಿ, ಬೀರು, ಬೀಗ, ಪೊರಕೆ, ಗೋಡೆ ಗಡಿಯಾರ, ಒಂದು ಸಲ ಬಾವುಟದ ಕಂಬವನ್ನೂ ಖರೀದಿಸಿದ್ದೇನೆ. ಸ್ವಂತಕ್ಕೆ ಒಂದು ಕಿಲೋ ಬದನೆಕಾಯಿ ತಂದವನಲ್ಲ. ತರಲು ಧೈರ್ಯ ಸಾಲದು. ಕಚೇರಿಯ ಖರೀದಿಯಲ್ಲಿ ಮೂರು ದರಪಟ್ಟಿಗಳಿರುತ್ತವೆ, ಅದರ ಮೇಲೆ ಮೇಲಧಿಕಾರಿಗಳ ಸಹಿ ಇರುತ್ತದೆ. ಬದನೆಕಾಯಿಯಲ್ಲಿ ಹುಳು ಬಂದರೂ ಕಡತದಲ್ಲಿ ಬರುವುದಿಲ್ಲ. ಆದರೂ ಒಮ್ಮೆ ನಾನು ಸಿಕ್ಕಿಬಿದ್ದದ್ದುಂಟು. ಕಚೇರಿಗೆ ಹನ್ನೆರಡು ಮುಚ್ಚಳದ ಬಕೆಟ್ ತರಿಸಿದ್ದೆ. ತಪಾಸಣೆಗೆ ಬಂದ ಲೆಕ್ಕ ಪರಿಶೋಧಕರು ಬಕೆಟ್ ಹನ್ನೆರಡು, ಮುಚ್ಚಳ ಹನ್ನೊಂದು ಎಂದು ಆಕ್ಷೇಪಣೆ ಬರೆದು ಹೊರಟುಹೋದರು. ಹನ್ನೆರಡನೆಯ ಮುಚ್ಚಳದ ಮೇಲೆ ಜವಾನ ಕೂತು ಒಡೆದಿದ್ದನೆಂಬ ಸತ್ಯವನ್ನು ಸಾಬೀತುಪಡಿಸಲು ಆರು ವರ್ಷ ಪತ್ರ ಬರೆದೆ. ಅಷ್ಟರಲ್ಲಿ ಹನ್ನೆರಡು ಬಕೆಟ್ಟುಗಳೂ ಸವೆದು ಒಡೆದುಹೋದವು. ಆಕ್ಷೇಪಣೆ ಮಾತ್ರ ಹೊಸದರಂತೆಯೇ ಉಳಿಯಿತು. ಅಂದಿನಿಂದ ಯಾವುದೇ ವಸ್ತುವಿಗೆ ಬೆಲೆ ಕೇಳುವ ಮುಂಚೆ ನನ್ನ ಬೆನ್ನ ಹಿಂದೆ ಯಾರೋ ಕೆಂಪು ಶಾಯಿಯ ಪೆನ್ನಿನ ಕ್ಯಾಪು ತೆಗೆದಂತೆ ಭಾಸವಾಗುತ್ತದೆ.

ಇಂತಹವನ ಕೈಗೆ ಒಂದು ಕಂಪ್ಯೂಟರ್ ಖರೀದಿಸುವ ಜವಾಬ್ದಾರಿ ಬಿದ್ದದ್ದು ಹೇಗೆಂದರೆ, ನನ್ನ ಪತ್ನಿ ಶ್ರೀಮತಿ ಗಿರಿಜಾ (ಇನ್ನು ಮುಂದೆ ಗಿರಿಜಾ ಎಂದಷ್ಟೇ ಉಲ್ಲೇಖಿಸಲಾಗುವುದು) ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯವಳು. ಮದುವೆಗೆ ಮುಂಚೆ ದಿನವೂ ಚಿಂತಾಮಣಿಗೆ ಬಸ್ಸಿನಲ್ಲಿ ಹೋಗಿಬಂದು ಕನ್ನಡ ಬೆರಳಚ್ಚು ಸೀನಿಯರ್ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದ್ದಳು. ಹೆಣ್ಣು ನೋಡಲು ಹೋದಾಗ ಕಾಫಿಗಿಂತ ಮೊದಲು ಆ ಪ್ರಮಾಣಪತ್ರವನ್ನೇ ತಂದು ತೋರಿಸಿದ್ದರು. ನಾನೂ ದೃಢೀಕರಿಸುವವನಂತೆ ಹಿಂದುಮುಂದು ತಿರುಗಿಸಿ ನೋಡಿ, ಮದುವೆಯಾದ ಮೇಲೆ ಕೆಲಸಕ್ಕೆ ಸೇರಿಸುವುದಾಗಿ ಮೌಖಿಕ ಭರವಸೆ ನೀಡಿದ್ದೆ. ಮೌಖಿಕ ಭರವಸೆಗೆ ಕಡತವಿರುವುದಿಲ್ಲ. ಇಪ್ಪತ್ತೆರಡು ವರ್ಷಗಳಾದವು. ಪ್ರಮಾಣಪತ್ರ ಟ್ರಂಕಿನಲ್ಲೇ ಇದೆ.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ನಾನು ಮಾತಾಡುವಾಗ ಗಿರಿಜಾ ತೊಡೆಯ ಮೇಲೆ ಬೆರಳುಗಳನ್ನು ಆಡಿಸುತ್ತಾಳೆ. ನನ್ನ ಮಾತು ಬೇಸರ ತರುತ್ತಿದೆಯೆಂದು ಇಷ್ಟು ವರ್ಷವೂ ತಿಳಿದಿದ್ದೆ, ಮೊಟಕುಗೊಳಿಸಲು ಪ್ರಯತ್ನವನ್ನೂ ಮಾಡಿದ್ದೆ. ಮೊನ್ನೆ ಮೊನ್ನೆ ಕೇಳಿದಾಗ ಅವಳು ಯಾವ ಅಳುಕೂ ಇಲ್ಲದೆ ಹೇಳಿದಳು: "ಬೇಜಾರೇನಿಲ್ಲ ರೀ. ನೀವು ಹೇಳೋದ್ನ ಟೈಪ್ ಮಾಡ್ತಿರ್ತೀನಿ. ಬೆರಳು ಮರೆತುಹೋಗಬಾರದು ಅಂತ." ಇಪ್ಪತ್ತೆರಡು ವರ್ಷ ನಾನು ಆಡಿದ್ದೆಲ್ಲವೂ ಒಂದು ಕಾಗದವಿಲ್ಲದ ಯಂತ್ರದಲ್ಲಿ ಬೆರಳಚ್ಚಾಗಿದೆಯೆಂದು ಆಗ ತಿಳಿಯಿತು.

ಮಗಳು ನರ್ಸಿಂಗ್ ಓದಲು ಹಾಸ್ಟೆಲ್ಲು ಸೇರಿದ ಮೇಲೆ ಗಿರಿಜಾ, ನನಗೆ ತಿಳಿಸದೆ, ಚಿಕ್ಕಬಳ್ಳಾಪುರದ ಒಂದು ಮುದ್ರಣಾಲಯಕ್ಕೆ ಹೋಗಿ ಕೆಲಸ ಕೇಳಿಬಂದಳು. ಮಾಲೀಕರು ನಾಗರಾಜಯ್ಯನವರು, ಮದುವೆ ಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ವಾರ್ಷಿಕ ವರದಿ ಇವೆಲ್ಲ ಅವರಲ್ಲಿ ಅಚ್ಚಾಗುತ್ತವೆ. ಅಕ್ಷರ ಜೋಡಿಸುತ್ತಿದ್ದ ಹುಡುಗಿ ಮದುವೆಯಾಗಿ ಹೊರಟುಹೋಗಿ ಅವರು ಪರದಾಡುತ್ತಿದ್ದರು. ಗಿರಿಜಾಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಪುಟ ಕೊಟ್ಟರಂತೆ. ಇವಳು ಕೀಲಿಮಣೆ ನೋಡದೆ, ಪುಟವನ್ನೇ ನೋಡುತ್ತಾ ಮುಗಿಸಿದ್ದನ್ನು ಕಂಡು ಹೀಗೆಂದರಂತೆ: "ಅಮ್ಮಾ, ನೀವು ದಿನಾ ಬಂದು ಹೋಗೋದು ಬೇಡ. ಮನೇಲೇ ಮಾಡಿ ಕಳಿಸಿ. ಮಿಷನ್ ಮಾತ್ರ ನಿಮ್ಮದಿರಬೇಕು. ಒಂದನೇ ತಾರೀಖಿಗೆ ಪ್ರಶ್ನೆಪತ್ರಿಕೆ ಕೆಲಸ ಬೀಳ್ತದೆ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಚಿಂತಾಮಣಿಯೋರು ಒಬ್ರು ಕೇಳ್ತಾವ್ರೆ, ಅವರಿಗೆ ಕೊಟ್ಟುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ." ಅಂದು ಹದಿಮೂರನೇ ತಾರೀಖು.

ಚೀಟಿ ಎತ್ತಿದ ಹಣ ಗಿರಿಜಾಳ ಬಳಿಯೇ ಇತ್ತು. ಬೇಕಾಗಿದ್ದದ್ದು ಯಾವುದನ್ನು ಕೊಳ್ಳಬೇಕೆಂಬ ತಿಳಿವಳಿಕೆ. "ನೀವು ಆಫೀಸಿಗೆ ಆರು ಕಂಪ್ಯೂಟರ್ ತರಿಸಿದ್ದೀರಲ್ಲ, ನಿಮಗೆ ಗೊತ್ತಿರ್ತದೆ" ಎಂದು ಪೂರ್ಣ ವಿಶ್ವಾಸದಿಂದ ನನ್ನ ಮುಖ ನೋಡಿದಳು. ತರಿಸಿದ್ದು ನಿಜ. ಆದರೆ ಅವುಗಳ ಒಳಗೇನಿದೆಯೆಂದು ನನಗೆ ತಿಳಿಯದು. ದಾಸ್ತಾನು ವಹಿಯಲ್ಲಿ 'ಕಂಪ್ಯೂಟರ್, ಕಪ್ಪು ಬಣ್ಣ, ಆರು' ಎಂದು ನಮೂದಿಸಿದ್ದಷ್ಟೇ ನನ್ನ ಪರಿಣತಿ. ಹೆಂಡತಿಯ ಮುಂದೆ ಇದನ್ನು ಒಪ್ಪಿಕೊಳ್ಳುವ ಬದಲು ನಾನು ಮಾಡಬಲ್ಲ ಏಕೈಕ ಕೆಲಸವನ್ನು ಮಾಡಿದೆ. ಒಂದು ಕಡತ ತೆರೆದೆ.

ಮೊದಲಿಗೆ ಗಿರಿಜಾಳಿಂದ ಬೇಡಿಕೆ ಪಟ್ಟಿ ಕೇಳಿದೆ. ಅವಳು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಟ್ಟಳು. ಕನ್ನಡ ಚೆನ್ನಾಗಿ ಟೈಪ್ ಆಗಬೇಕು. ಅಕ್ಷರ ದೊಡ್ಡದಾಗಿ ಕಾಣಬೇಕು. ಕರೆಂಟು ಹೋದರೆ ಮಾಡಿದ್ದು ಹಾಳಾಗಬಾರದು. ಒಂದನೇ ತಾರೀಖಿನೊಳಗೆ ಬರಬೇಕು. ಇಷ್ಟೇ. ತಾಂತ್ರಿಕ ವಿವರಗಳಿಲ್ಲವೆಂಬ ಷರಾದೊಂದಿಗೆ ನಾನದನ್ನು ಹಿಂದಿರುಗಿಸಿದೆ. ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹಾಳೆಯನ್ನು ಕಡತದ ಮೇಲೆಯೇ ಇಟ್ಟು "ಸರ್ಲೆಂಡಿ" ಎಂದಳು. ಗಿರಿಜಾ ನನ್ನೊಡನೆ ಜಗಳವಾಡುವುದು ಕನ್ನಡದಲ್ಲಿ. ಜಗಳ ಆಡಿ ಪ್ರಯೋಜನವಿಲ್ಲ ಅನಿಸಿದಾಗ ತವರಿನ ತೆಲುಗಿಗೆ ಹೋಗುತ್ತಾಳೆ. 'ಸರಿ ಬಿಡಿ' ಎಂಬರ್ಥದ ಈ ಒಂದು ಪದಕ್ಕೆ ನಾನು ಲೆಕ್ಕ ಪರಿಶೋಧಕರಿಗಿಂತ ಹೆಚ್ಚು ಹೆದರುತ್ತೇನೆ.

ಹದಿನಾರನೇ ತಾರೀಖು ಅರ್ಧ ದಿನದ ರಜೆ ಹಾಕಿ ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಮೂವತ್ತರ ಆಸುಪಾಸಿನ ಚುರುಕು ಮನುಷ್ಯ. ಮನೆಯಲ್ಲಿ ಬರೆಯುವ ಕೆಲಸಕ್ಕೆ ಎಂದಾಗ, ಸಾಧಾರಣ ಪ್ರೊಸೆಸರ್ ಸಾಕು, ಎಂಟು ಜಿಬಿ ರ್ಯಾಮ್ ಇರಲಿ, ಹಳೆಯ ಕಾಲದ ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಹಾಕಿಸಿದರೆ ಬೇಗ ಶುರುವಾಗುತ್ತದೆ, ಕಣ್ಣಿಗೆ ಹಿತವಾಗುವ ಇಪ್ಪತ್ತೆರಡು ಇಂಚಿನ ಮಾನಿಟರ್, ಕರೆಂಟು ಹೋದಾಗ ಹತ್ತು ನಿಮಿಷ ನಿಲ್ಲುವ ಯುಪಿಎಸ್ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಎಲ್ಲವನ್ನೂ ಬರೆದುಕೊಂಡೆ. ಗಿರಿಜಾ ಕ್ಯಾಲೆಂಡರಿನ ಹಿಂದೆ ಬರೆದದ್ದನ್ನೇ ಇವರು ಇನ್ನೊಂದು ಭಾಷೆಯಲ್ಲಿ ಹೇಳುತ್ತಿದ್ದಾರೆಂದು ಹೊಳೆದರೂ, ಹೊಳೆದದ್ದನ್ನು ಕಡತದಲ್ಲಿ ನಮೂದಿಸಲಿಲ್ಲ. ಅಲ್ಲಿಗೆ ಹಣ ಕೊಟ್ಟು ಮಿಷನ್ ಹೊತ್ತುಕೊಂಡು ಬಂದಿದ್ದರೆ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ. ನಾನು ಚೀಲದಿಂದ ಒಂದು ಪತ್ರ ತೆಗೆದು ಅವರಿಗೆ ಸಲ್ಲಿಸಿದೆ. ಹಿಂದಿನ ದಿನವೇ ಸಿದ್ಧಪಡಿಸಿದ್ದು. 'ಮಾನ್ಯರೇ, ತಮ್ಮಲ್ಲಿ ಲಭ್ಯವಿರುವ ಗಣಕಯಂತ್ರದ ಕನಿಷ್ಠ ದರವನ್ನು ಮೊಹರು ಮಾಡಿದ ಲಕೋಟೆಯಲ್ಲಿ ನೀಡಲು ಕೋರಿದೆ.'

ಅವರು ಪತ್ರವನ್ನು ಓದಿದರು. ಅದುವರೆಗೆ ಸ್ಟೂಲಿನ ಮೇಲೆ ಕೂತಿದ್ದ ನನಗೆ ಒಳಗಿನಿಂದ ಕುರ್ಚಿ ಬಂತು, ಟೀ ಬಂತು. ಯಾವ ಆಫೀಸು ಸಾರ್ ಎಂದು ಕೇಳಿದರು. ಆಫೀಸಿಗಲ್ಲ, ಮನೆಗೆ ಎಂದೆ. ಅವರು ನಕ್ಕು, ದನಿ ತಗ್ಗಿಸಿದರು. "ಆಯ್ತು ಸಾರ್, ಮನೆಗೇ ಅಂತ ಇಟ್ಕೊಳಿ. ಮೂರೂ ಕೊಟೇಶನ್ ನಾನೇ ಮಾಡಿಸಿ ಕೊಡ್ತೀನಿ. ನೀವ್ಯಾಕೆ ಊರೂರು ತಿರುಗ್ತೀರಾ?"

ಓದುಗರಿಗೆ ಇದರ ಹಿನ್ನೆಲೆ ತಿಳಿದಿರಲಾರದು. ಕಚೇರಿಗಳಲ್ಲಿ ಮೂರು ದರಪಟ್ಟಿ ಇರಲೇಬೇಕೆಂಬ ನಿಯಮವುಂಟು. ಮೂರನ್ನೂ ಮೊದಲನೆಯ ಅಂಗಡಿಯವನೇ ಒದಗಿಸುವ ರೂಢಿಯೂ ಉಂಟು. ತನ್ನದು ಕಡಿಮೆ, ಸ್ನೇಹಿತರಿಬ್ಬರದು ಸ್ವಲ್ಪ ಸ್ವಲ್ಪ ಹೆಚ್ಚು. ನನ್ನ ಬಾವುಟದ ಕಂಬವೂ ಹಾಗೆಯೇ ಬಂದದ್ದು. ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ನಿಜವಾಗಿ ಒಂದು ಬೆಲೆಯನ್ನು ಇನ್ನೊಂದರೊಡನೆ ಹೋಲಿಸಿಯೇ ಇಲ್ಲವೆಂಬುದು ಆ ಟೀ ಕುಡಿಯುವಾಗ ನನಗೆ ಗೊತ್ತಾಯಿತು. ಇದು ಹೆಂಡತಿಯ ಹಣ, ಇಲ್ಲಿಯಾದರೂ ಪ್ರಾಮಾಣಿಕವಾಗಿ ನಡೆದುಕೊಳ್ಳೋಣವೆಂದು ನಿಶ್ಚಯಿಸಿ, ತಮ್ಮದೊಂದನ್ನು ಮಾತ್ರ ಕೊಡಿ, ಉಳಿದೆರಡನ್ನು ಚಿಂತಾಮಣಿ, ಗೌರಿಬಿದನೂರಿನಿಂದ ನಾನೇ ತರುತ್ತೇನೆಂದೆ. ಎಂತಹ ಪ್ರಾಮಾಣಿಕ ಅಧಿಕಾರಿಯೆಂದು ಅವರು ಬೆರಗಾದಂತೆ ಕಂಡಿತು. ಅಲ್ಲಿ ಯಾವ ಅಂಗಡಿಗೆ ಹೋಗಬೇಕೆಂದು ವಿಳಾಸವನ್ನೂ ಅವರೇ ಬರೆದುಕೊಟ್ಟರು. ನಾನು ಧನ್ಯವಾದ ಹೇಳಿದೆ.

ಇಪ್ಪತ್ತನೇ ತಾರೀಖು ಚಿಂತಾಮಣಿ. ಅಂಗಡಿಯಲ್ಲಿ ಹಿರಿಯರೊಬ್ಬರಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಬನ್ನಿ ಸಾರ್, ಚಿಕ್ಕಬಳ್ಳಾಪುರದಿಂದ ಫೋನ್ ಬಂದಿತ್ತು" ಎಂದು ಲಕೋಟೆ ಕೈಗಿತ್ತರು. ವ್ಯಾಪಾರಿಗಳಲ್ಲಿ ಎಷ್ಟೊಂದು ಸಹಕಾರ ಮನೋಭಾವವಿದೆಯೆಂದು ಬಸ್ಸಿನುದ್ದಕ್ಕೂ ಸಂತೋಷಪಟ್ಟೆ. ಇಪ್ಪತ್ನಾಲ್ಕಕ್ಕೆ ಗೌರಿಬಿದನೂರು. ಅಲ್ಲಿಯೂ ಲಕೋಟೆ ಸಿದ್ಧವಿತ್ತು. ನನ್ನ ಕಚೇರಿಯ ಯಾವ ಖರೀದಿಯೂ ಇಷ್ಟು ಸುಸೂತ್ರವಾಗಿ ನಡೆದಿರಲಿಲ್ಲ.

ಆದರೆ ಮನೆಯಲ್ಲಿ ದಿನಗಳು ಸುಸೂತ್ರವಾಗಿರಲಿಲ್ಲ. ಗಿರಿಜಾ ಮುದ್ರಣಾಲಯದಿಂದ ಕೆಟ್ಟುಹೋದ ಒಂದು ಕೀಬೋರ್ಡ್ ಕೇಳಿ ತಂದಿದ್ದಳು. ಅದಕ್ಕೆ ತಂತಿಯೂ ಇರಲಿಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಅಡಿಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟು, ದಿನಪತ್ರಿಕೆಯ ಸಂಪಾದಕೀಯವನ್ನು ಎದುರು ನಿಲ್ಲಿಸಿಕೊಂಡು ಟಕಟಕನೆ ಅಭ್ಯಾಸ ಮಾಡುತ್ತಿದ್ದಳು. ನಾನು ಕಚೇರಿಯಿಂದ ಬಂದ ಕೂಡಲೇ ಸದ್ದು ನಿಲ್ಲುತ್ತಿತ್ತು. ಏನಾಯಿತೆಂದು ಕೇಳುತ್ತಿರಲಿಲ್ಲ, ನನ್ನ ಕೈಯಲ್ಲಿ ಪೆಟ್ಟಿಗೆಯಿದೆಯೇ ಎಂದು ಮಾತ್ರ ನೋಡುತ್ತಿದ್ದಳು. ಇಪ್ಪತ್ತೈದರಂದು ನಾಗರಾಜಯ್ಯನವರ ಫೋನ್ ಬಂತು. ಪ್ರಶ್ನೆಪತ್ರಿಕೆಯ ಹಸ್ತಪ್ರತಿಗಳು ಬಂದು ಬಿದ್ದಿವೆ, ಕೆಲಸ ಕೇಳುತ್ತಿದ್ದ ಚಿಂತಾಮಣಿಯವರು ಬೆಳಿಗ್ಗೆ ಖುದ್ದು ಬಂದು ಹೋದರು, ನಿಮ್ಮದು ಏನಾಯಿತು ಎಂದು ಕೇಳಿದರು. ಗಿರಿಜಾ ನನ್ನ ಕಡೆ ನೋಡುತ್ತಲೇ, "ಬರ್ತಾ ಇದೆ ಸಾರ್, ದಾರೀಲಿದೆ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳ ದನಿ ಕೊನೆಯ ಅಕ್ಷರದಲ್ಲಿ ಸೀಳಿತು. ಫೋನಿಟ್ಟು ಒಳಗೆ ಹೋದಳು. 'ಸರ್ಲೆಂಡಿ' ಕೂಡ ಬರಲಿಲ್ಲ. ಆ ರಾತ್ರಿಯ ಸಾರಿಗೆ ಉಪ್ಪು ಬಿದ್ದಿರಲಿಲ್ಲ, ನಾನು ಅದನ್ನು ಎತ್ತಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಮಾರನೆಯ ದಿನ ಭಾನುವಾರ. ಲಕೋಟೆಗಳನ್ನು ಸಾಕ್ಷಿಗಳ ಸಮ್ಮುಖದಲ್ಲಿ ತೆರೆಯಬೇಕೆಂಬುದು ಕ್ರಮ. ಸಾಕ್ಷಿಯಾಗಿ ಪಕ್ಕದ ಮನೆಯ ಬಾಬಾಜಾನ್ ಸಾಹೇಬರನ್ನು ಕರೆದೆ. ಅವರು ರೇಷ್ಮೆ ನೂಲು ತೆಗೆಸುವವರು. ಮನೆಯ ಹಿಂದೆಯೇ ಅವರ ಘಟಕ. ಪ್ರತಿದಿನ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ, ರಾಶಿಯೊಳಗೆ ಕೈ ಹಾಕಿ ಒಂದು ಹಿಡಿ ಗೂಡು ತೆಗೆದು, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಳ್ಳುವುದೋ ಬಿಡುವುದೋ ಅಷ್ಟರಲ್ಲೇ ತೀರ್ಮಾನಿಸುವವರು. ಗಿರಿಜಾ ಬಾಗಿಲ ಬಳಿ ಸೆರಗಿನಲ್ಲಿ ಕೈ ಒರೆಸುತ್ತಾ ನಿಂತಳು. ನಾನು ಒಂದೊಂದಾಗಿ ಲಕೋಟೆ ಒಡೆದು, ದರಗಳನ್ನು ತುಲನಾತ್ಮಕ ಪಟ್ಟಿಯಲ್ಲಿ ದಾಖಲಿಸಿದೆ. ಚಿಕ್ಕಬಳ್ಳಾಪುರ ನಲವತ್ತೆರಡು ಸಾವಿರ. ಚಿಂತಾಮಣಿ ನಲವತ್ತನಾಲ್ಕು. ಗೌರಿಬಿದನೂರು ನಲವತ್ತಾರು. ಕನಿಷ್ಠ ದರ ನಮೂದಿಸಿದವರಿಗೆ ಆದೇಶ ನೀಡಬಹುದೆಂದು ಷರಾ ಬರೆಯಲು ಪೆನ್ನು ಎತ್ತಿದೆ.

ಸಾಹೇಬರು ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಕಿವಿಯ ಹತ್ತಿರ ಅಲ್ಲಾಡಿಸುತ್ತಾರೇನೋ ಎಂದುಕೊಂಡೆ. "ಸಾರ್, ಇದೇನು, ಮೆಟ್ಲು ಇಟ್ಟಂಗೆ ಐತಲ್ಲ? ಎರಡು, ಎರಡು. ಮೂರು ಊರಿನ ಮೂರು ಲಾಟ್ ಗೂಡು ಬಂದ್ರೆ ಇಂಗೆ ಅಳ್ದು ಇಟ್ಟಂಗೆ ರೇಟ್ ಬೀಳಲ್ಲ. ಇದು ಒಂದೇ ರಾಶಿ ಸಾರ್, ಮೂರು ಬುಟ್ಟೀಲಿ ಹಾಕವ್ರೆ." ಎಂದವರೇ ತಮ್ಮ ಫೋನ್ ತೆಗೆದು, ಚಿಕ್ಕಬಳ್ಳಾಪುರದ ಅದೇ ಅಂಗಡಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟರು. ಮನೆಯ ಹೆಣ್ಣುಮಕ್ಕಳು ಟೈಪು ಮಾಡಲಿಕ್ಕೆ ಒಂದು ಕಂಪ್ಯೂಟರ್ ಬೇಕಾಗಿತ್ತೆಂದು ಹೇಳಿ ನನ್ನ ಪಟ್ಟಿಯನ್ನೇ ಓದಿದರು. ಆ ಕಡೆಯಿಂದ ತಡವಿಲ್ಲದೆ ಉತ್ತರ ಬಂತು: ಯುಪಿಎಸ್ಸೂ ಸೇರಿ ಮೂವತ್ತೊಂದು ಸಾವಿರ, ಬಂದರೆ ಇನ್ನೂ ಸ್ವಲ್ಪ ನೋಡೋಣ.

ಅಂಗಡಿಯವರು ನನ್ನನ್ನು ಕಚೇರಿಯೆಂದೇ ನಂಬಿ ಕಚೇರಿಯ ದರವನ್ನೇ ಕೊಟ್ಟಿದ್ದರು. ನಾನೇ ನನ್ನ ಕೈಯಾರೆ, ಮೊಹರು ಮಾಡಿದ ಲಕೋಟೆಯಲ್ಲಿ, ಹನ್ನೊಂದು ಸಾವಿರ ಹೆಚ್ಚು ಹಾಕಿಯೆಂದು ವಿನಯಪೂರ್ವಕವಾಗಿ ಕೇಳಿಕೊಂಡಿದ್ದೆ. ಸಾಹೇಬರು ನಗು ತಡೆದುಕೊಂಡು ಎದ್ದುಹೋದರು. ಗಿರಿಜಾ ಮೇಜಿನ ಬಳಿ ಬಂದು, ಹಿಂದಿರುಗಿಸಲ್ಪಟ್ಟಿದ್ದ ತನ್ನ ಕ್ಯಾಲೆಂಡರಿನ ಹಾಳೆಯನ್ನು ಕಡತದಿಂದ ಬಿಡಿಸಿಕೊಂಡು ಮಡಚಿದಳು. "ಇಪ್ಪತ್ತೆರಡು ವರ್ಷ ನೀವು ನೋಡ್ತೀರಾ ಅಂತ ಬಿಟ್ಟೆ. ನಾಳೆ ನಾನು ಹೋಗ್ತೀನಿ" ಎಂದಳು. ಜಗಳವಿರಲಿಲ್ಲ, ತೆಲುಗೂ ಇರಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಸೋಮವಾರ ಇಡೀ ದಿನದ ರಜೆ ಹಾಕಿದೆ. ಪೆಟ್ಟಿಗೆ ಹೊರಲು ಒಬ್ಬರು ಬೇಕೆಂಬ ಕಾರಣಕ್ಕೆ ಮಾತ್ರ ನನಗೆ ಜೊತೆಗೆ ಬರಲು ಅನುಮತಿ ದೊರೆಯಿತು. ಷರತ್ತುಗಳು ಸ್ಪಷ್ಟವಾಗಿದ್ದವು. ಅಂಗಡಿಯ ಎದುರು ಬದಿಯ ಟೀ ಅಂಗಡಿಯಲ್ಲಿ ನಿಲ್ಲಬೇಕು. ಅವಳು ಬಿಲ್ಲು ಮಾಡಿಸಿ ಹೊರಬರುವವರೆಗೆ ಈ ಕಡೆ ಬರಕೂಡದು. ಅಂಗಡಿಯವರು ನನ್ನನ್ನು ಕಂಡರೆಂದರೆ ದರ ಮತ್ತೆ ಕಚೇರಿಯದಾಗುತ್ತದೆ; ಹೋಗಲಿ, ಸುಮ್ಮನೆ ಮೂರು ಲಕೋಟೆ ಮಾಡಿಸಿದವನ ಹೆಂಡತಿಯೆಂದು ತಿಳಿದರೆ ಮಾಲು ಇಲ್ಲವೆಂದು ಕಳಿಸಿದರೂ ಆಶ್ಚರ್ಯವಿಲ್ಲ. ಒಂದನೇ ತಾರೀಖಿಗೆ ನಾಲ್ಕೇ ದಿನ ಉಳಿದಿತ್ತು.

ಟೀ ಅಂಗಡಿಯಿಂದ ನನಗೆ ಎಲ್ಲವೂ ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಗಿರಿಜಾ ಮೊದಲು ಕೀಬೋರ್ಡುಗಳನ್ನು ತೆಗೆಸಿದಳು. ಒಂದೊಂದನ್ನೂ ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ನಾಲ್ಕು ಸಾಲು ಟೈಪು ಮಾಡಿ ಪಕ್ಕಕ್ಕೆ ಸರಿಸುತ್ತಿದ್ದಳು. ನಾಲ್ಕನೆಯದಕ್ಕೆ ಕಣ್ಣು ತೆರೆದು ತಲೆಯಾಡಿಸಿದಳು. ಅಂಗಡಿಯವರು ಕೈಕಟ್ಟಿ ನಿಂತು ನೋಡುತ್ತಿದ್ದರು. ನಂತರ ಮಾನಿಟರಿನ ಎದುರು ಹಿಂದಕ್ಕೂ ಮುಂದಕ್ಕೂ ನಡೆದು ಅಕ್ಷರ ಎಷ್ಟು ದೂರಕ್ಕೆ ಕಾಣುತ್ತದೆಂದು ನೋಡಿದಳು. ಯುಪಿಎಸ್ ಹಾಕಿಸಿ, ಗೋಡೆಯ ಸ್ವಿಚ್ಚನ್ನು ತಾನೇ ಆರಿಸಿ, ಪರದೆಯ ಮೇಲಿನ ಅಕ್ಷರ ಹೋಗಲಿಲ್ಲವೆಂದು ಖಚಿತಪಡಿಸಿಕೊಂಡಳು. ಎರಡು ಟೀ ಮುಗಿಯುವಷ್ಟರಲ್ಲಿ, ನಾನು ಹದಿಮೂರು ದಿನ ಮೂರು ಊರು ಸುತ್ತಿ ಮಾಡದಿದ್ದ ಕೆಲಸ ಮುಗಿದು, ಅಂಗಡಿಯವರು ಬಿಲ್ ಪುಸ್ತಕ ತೆಗೆದರು.

ಆಗ ನನಗೆ ವಾರಂಟಿ ಕಾರ್ಡಿನ ನೆನಪಾಯಿತು. ಅದರ ಮೇಲೆ ಅಂಗಡಿಯ ಮೊಹರು, ದಿನಾಂಕ, ಸಹಿ ಮೂರೂ ಇರಬೇಕು. ಮೊಹರಿಲ್ಲದ ಕಾಗದದಿಂದ ನಾನು ಅನುಭವಿಸಿರುವ ಯಾತನೆ ಅವಳಿಗೆ ಗೊತ್ತಿಲ್ಲ. ಬಾಗಿಲಿನಿಂದ ಬರೇ ಸನ್ನೆ ಮಾಡಿ ಬಂದುಬಿಡುತ್ತೇನೆಂದು ನನಗೆ ನಾನೇ ಮೌಖಿಕ ಭರವಸೆ ಕೊಟ್ಟುಕೊಂಡು ರಸ್ತೆ ದಾಟಿದೆ. ಬಾಗಿಲಿನಲ್ಲಿ ನಿಂತು, ಬಲ ಮುಷ್ಟಿಯಿಂದ ಎಡ ಅಂಗೈಯ ಮೇಲೆ ಮೊಹರು ಒತ್ತುವಂತೆ ಎರಡು ಸಲ ಮಾಡಿ ತೋರಿಸಿದೆ. ಅಂಗಡಿಯವರು ತಲೆಯೆತ್ತಿದರು.

ಬಿಲ್ಲಿನ ಮೇಲೆ ಪೆನ್ನು ನಿಂತಿತು. ಅವರ ಕಣ್ಣು ನನ್ನಿಂದ ಗಿರಿಜಾಳಿಗೆ ಹೋಯಿತು, ಗಿರಿಜಾಳಿಂದ ನನಗೆ ಬಂತು. ಇಬ್ಬರೂ ಶಿಡ್ಲಘಟ್ಟ. ಮಿಷನ್ನೂ ಒಂದೇ. "ಇವರು ನಿಮ್ಮೋರೇನಮ್ಮ?" ಎಂದು ಕೇಳಿದರು.

ಗಿರಿಜಾ ತಿರುಗಿ ನನ್ನನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನೋಡಿದಳು. ಇಪ್ಪತ್ತೆರಡು ವರ್ಷಗಳ ನಂತರ ಹಾಗೆ ಪೂರ್ತಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ನನ್ನ ಮುಷ್ಟಿ ಇನ್ನೂ ಅಂಗೈಯ ಮೇಲೇ ಇತ್ತು.

"ಅಲ್ಲಪ್ಪ. ಯಾರೋ ಗೊತ್ತಿಲ್ಲ" ಎಂದಳು.

ಮೊನ್ನೆ ಫೋನಿನಲ್ಲಿ ಸೀಳಿದ ದನಿ ಈ ಸಲ ಸೀಳಲಿಲ್ಲ. ಪೆನ್ನು ಮತ್ತೆ ನಡೆಯಿತು. ಅಂಗಡಿಯವರು ನನ್ನತ್ತ ನಕ್ಕು, ಕೊಟೇಶನ್ ಪಾಸಾಯಿತೇ ಎಂದು ವಿಚಾರಿಸಿದರು. ಪರಿಶೀಲನೆಯಲ್ಲಿದೆ ಎಂದು ಉತ್ತರಿಸಿದೆ. ಅಂತಹ ಸ್ಥಿತಿಯಲ್ಲೂ ಬಾಯಿಗೆ ಬಂದದ್ದು ಅದೊಂದೇ. ಗಿರಿಜಾ ನೋಟುಗಳನ್ನು ಕೊಟ್ಟು, ವಾರಂಟಿ ಕಾರ್ಡು ತೆಗೆದುಕೊಂಡು, ಮೊಹರು ಹಾಕಿಲ್ಲವಲ್ಲ ಎಂದು ತಾನಾಗಿಯೇ ಹಿಂದಿರುಗಿಸಿ ಹಾಕಿಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ಎರಡು ಪೆಟ್ಟಿಗೆಗಳನ್ನು ಬಸ್ಸಿಗೆ ಸಾಗಿಸುವುದು ಹೇಗೆಂಬ ಪ್ರಶ್ನೆ ಎದ್ದಾಗ ಅಂಗಡಿಯವರೇ ಪರಿಹಾರ ಸೂಚಿಸಿದರು: "ಸಾರ್, ನೀವೂ ಶಿಡ್ಲಘಟ್ಟದ ಬಸ್ಸಿಗೇ ತಾನೇ? ಈ ಅಮ್ಮಂಗೆ ಒಂದು ಕೈ ಸಹಾಯ ಮಾಡಿ. ದೊಡ್ಡ ಮನಸ್ಸು ಮಾಡಿ ಸಾರ್."

ದೊಡ್ಡ ಮನಸ್ಸು ಮಾಡಿದೆ. ಮಾನಿಟರಿನ ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡು, ಅಪರಿಚಿತ ಮಹಿಳೆಯ ಹಿಂದೆ ಆರು ಹೆಜ್ಜೆ ಅಂತರದಲ್ಲಿ ಬಸ್ ನಿಲ್ದಾಣದವರೆಗೆ ನಡೆದೆ. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ಇನ್ನಾದರೂ ನಾಟಕ ನಿಲ್ಲಿಸಬಹುದೆಂದು ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತು, ಎಷ್ಟಕ್ಕೆ ಕೊಟ್ಟರು ಎಂದು ಮೆಲ್ಲನೆ ಕೇಳಿದೆ. ಅವಳ ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಸಂಶಯದಿಂದ ನೋಡಿದರು. ಗಿರಿಜಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಗಾಬರಿಯಾಯಿತು. ಅಲ್ಲ, ನಗುತ್ತಿದ್ದಳು. ಎರಡು ವಾರಗಳಲ್ಲಿ ಮೊದಲ ಬಾರಿ.

ಬುಧವಾರ ತಾವೇ ಬಂದು ಜೋಡಿಸಿಕೊಡುವುದಾಗಿ ಅಂಗಡಿಯವರು ತಿಳಿಸಿದ್ದರು. ಮನೆಯಲ್ಲಿ ನಾನಿರುವಂತಿರಲಿಲ್ಲ. ಬಾಬಾಜಾನ್ ಸಾಹೇಬರ ಘಟಕದಲ್ಲಿ, ಗೂಡು ಬೇಯುವ ಹಬೆಯ ನಡುವೆ, ಎರಡು ಗಂಟೆ ಕೂತಿದ್ದೆ. ಸಾಹೇಬರು ಆಗಾಗ ಗೋಡೆಯಾಚೆ ಇಣುಕಿ, ಇನ್ನೂ ಹೋಗಿಲ್ಲ ಸಾರ್, ಈಗ ಕಾಫಿ ಕುಡೀತಾವ್ರೆ ಎಂದು ವರದಿ ಕೊಡುತ್ತಿದ್ದರು. ಅಂಗಡಿಯವರು ಹೊರಟ ಮೇಲೆ ಮನೆಗೆ ಬಂದೆ. ಗಿರಿಜಾ ಆಗಲೇ ಮೊದಲನೇ ಪ್ರಶ್ನೆಪತ್ರಿಕೆಗೆ ಕೂತಿದ್ದಳು. ಏಳನೇ ತರಗತಿ, ಸಮಾಜ ವಿಜ್ಞಾನ. ಬೆರಳುಗಳ ಕೆಳಗೆ ಈಗ ತೊಡೆಯಿರಲಿಲ್ಲ. ಅಕ್ಷರಗಳು ಪರದೆಯ ಮೇಲೆ ನಿಜವಾಗಿಯೂ ಬಂದು ಕೂರುತ್ತಿದ್ದವು. ಅವಳು ತಲೆಯೆತ್ತಲಿಲ್ಲ. ನಾನು ಸದ್ದು ಮಾಡದೆ ಚಪ್ಪಲಿ ಬಿಟ್ಟೆ. ಒಂದನೇ ತಾರೀಖಿನ ಬೆಳಿಗ್ಗೆ ಹತ್ತಕ್ಕೆ ನಾಲ್ಕು ಪತ್ರಿಕೆಗಳು ನಾಗರಾಜಯ್ಯನವರನ್ನು ತಲುಪಿದವು. ಚಿಂತಾಮಣಿಯವರಿಗೆ ಬೇರೆಲ್ಲಾದರೂ ಕೆಲಸ ಸಿಕ್ಕಿರಲೆಂದು ಹಾರೈಸುತ್ತೇನೆ.

ಆ ಬುಧವಾರ ನಾನು ಇನ್ನೊಂದನ್ನು ಗಮನಿಸಿದೆ. ನಡುಮನೆಯ ಗೋಡೆಯಲ್ಲಿ ನಮ್ಮ ಮದುವೆಯ ಫೋಟೋ ಇದ್ದ ಜಾಗದಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಎತ್ತಿ ನೋಡಿದರೆ ಫೋಟೋ ಹಿಂದೆಯೇ ಇತ್ತು. ಪೇಟ ಸುತ್ತಿಕೊಂಡ ನಾನು ಕತ್ತಲೆಯಲ್ಲಿ ನಿಂತಿದ್ದೆ. ಅವರು ಹೋದರಲ್ಲ, ಕ್ಯಾಲೆಂಡರನ್ನು ಪಕ್ಕಕ್ಕೆ ಹಾಕಲೇ ಎಂದು ಕೇಳಿದೆ. "ಇರ್ಲಿ ಬಿಡಿ. ಒಂದು ವರ್ಷ ವಾರಂಟಿ ಐತೆ, ಏನಾದ್ರೂ ಕೆಟ್ರೆ ಅವರೇ ಬರ್ಬೇಕಲ್ಲ" ಎಂದಳು. ಅದರಂತೆ ಸದರಿ ಅವಧಿ ಮುಗಿಯುವವರೆಗೆ ನನ್ನ ಮನೆಯಲ್ಲಿ ನಾನು ಕ್ಯಾಲೆಂಡರಿನ ಹಿಂದೆಯೇ ಮುಂದುವರಿಯುತ್ತಿದ್ದೇನೆಂದು ತಮ್ಮ ಅವಗಾಹನೆಗೆ ತರುತ್ತೇನೆ. ಸ್ವಲ್ಪ ಹಣ ಹೆಚ್ಚು ಕಟ್ಟಿದರೆ ವಾರಂಟಿಯನ್ನು ಇನ್ನೆರಡು ವರ್ಷಕ್ಕೆ ವಿಸ್ತರಿಸುವ ಅವಕಾಶವೂ ಇದೆಯಂತೆ. ಗಿರಿಜಾ ಯೋಚಿಸುತ್ತಿದ್ದಾಳೆ.